ಉದ್ಯಾನದ ಎರಡು ಹಳೆಯ ತೋಪುಗಳಿಗೆ ಬಣ್ಣ ಹಚ್ಚಬಹುದೇ?

ಪ್ರಶ್ನೆ: ವಿಜಯಪುರದ ನಿವಾಸಿ

ಮಾನ್ಯರೇ, ನಮಸ್ಕಾರ.

ವಿಜಯಪುರದಲ್ಲಿ ನಮ್ಮ ಬಡಾವಣೆಗೆ ಹೊಂದಿಕೊಂಡಿರುವ ಸಾರ್ವಜನಿಕ ಉದ್ಯಾನದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಎರಡು ಕಬ್ಬಿಣದ ತೋಪುಗಳಿವೆ. ಬಾಗಿಲಿನ ಎಡಕ್ಕೆ ಒಂದು, ಬಲಕ್ಕೆ ಒಂದು, ಎರಡನ್ನೂ ಸಿಮೆಂಟಿನ ಕಟ್ಟೆಯಲ್ಲಿ ಅರ್ಧ ಹುಗಿದಂತೆ ಕೂಡಿಸಿದ್ದಾರೆ. ಅವು ಎಲ್ಲಿಂದ ಬಂದವು, ಯಾರ ಕಾಲದವು ಎಂದು ತಿಳಿಸುವ ಫಲಕ ಅಲ್ಲಿಲ್ಲ. ಒಂದರ ಮೇಲೆ ಯಾವಾಗಲೋ ಬೆಳ್ಳಿಯ ಬಣ್ಣ ಹಚ್ಚಿದ್ದರು. ಅದು ಈಗ ಹಪ್ಪಳದಂತೆ ಎದ್ದು ಉದುರುತ್ತಿದೆ. ಇನ್ನೊಂದು ಪೂರ್ತಿ ತುಕ್ಕು ಹಿಡಿದು, ಕೈಯಿಟ್ಟರೆ ಅಂಗೈ ಕೆಂಪಾಗುತ್ತದೆ. ಮಕ್ಕಳು ಅವುಗಳ ಮೇಲೆ ಕುದುರೆ ಏರಿದ ಹಾಗೆ ಕೂಡುತ್ತಾರೆ, ದೊಡ್ಡವರು ಬಾಯೊಳಗೆ ಕಾಗದ ಮತ್ತು ಚೀಟಿಗಳನ್ನು ತುರುಕುತ್ತಾರೆ.

ಈ ಸಲ ರಾಜ್ಯೋತ್ಸವಕ್ಕೆ ಮೊದಲು ನಮ್ಮ ಓಣಿಯ ಯುವಕರು ತಾವೇ ವರ್ಗಣಿ ಕೂಡಿಸಿ, ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಕಪ್ಪು ಎನಾಮಲ್ ಬಳಿದು, 'ಆದಿಲ್‌ಶಾಹಿ ಕಾಲದ ತೋಪುಗಳು' ಎಂಬ ಫಲಕ ನಿಲ್ಲಿಸಬೇಕೆಂದು ನಿರ್ಧರಿಸಿದ್ದಾರೆ. ಬಣ್ಣದ ಡಬ್ಬಿಗಳನ್ನು ತಂದೂ ಆಗಿದೆ. ಅವರ ಉತ್ಸಾಹ ನನಗೆ ಮೆಚ್ಚುಗೆಯಾಗಿದೆ, ಆದರೆ ಮನಸ್ಸಿನಲ್ಲಿ ಒಂದು ಅಳುಕೂ ಇದೆ. ಹೀಗೆ ಮಾಡುವುದು ಸರಿಯೇ? ಇವು ನಿಜವಾಗಿ ಆದಿಲ್‌ಶಾಹಿ ತೋಪುಗಳೇ ಎಂಬುದನ್ನು ನಮ್ಮಂತಹ ಸಾಮಾನ್ಯರು ತಿಳಿಯುವ ಬಗೆ ಹೇಗೆ? ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಇವನ್ನು ಒಪ್ಪಿಸುವುದು ಮೇಲೋ, ಇದ್ದಲ್ಲಿಯೇ ಇರಿಸುವುದು ಮೇಲೋ?

ಉದ್ಯಾನದ ಹೆಸರನ್ನು ಬೇಕೆಂದೇ ಬರೆದಿಲ್ಲ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ.

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ವಿಜಯಪುರ

ನಮಸ್ಕಾರ. ಬಣ್ಣದ ವಿಷಯವನ್ನು ಲೋಹ ಬಲ್ಲವರು ಹೇಳಲಿ. ನಾನು ಫಲಕದ ವಿಷಯ ಹೇಳುತ್ತೇನೆ. ದಯವಿಟ್ಟು 'ಆದಿಲ್‌ಶಾಹಿ' ಎಂಬ ಪದವನ್ನು ಈಗಲೇ ಕೆತ್ತಿಸಬೇಡಿ. ನಮ್ಮ ಊರಿನಲ್ಲಿ ಹಳೆಯದೆಲ್ಲವೂ ಆದಿಲ್‌ಶಾಹಿ ಎಂದು ನಂಬುವ ಚಾಳಿ ನಮಗೆಲ್ಲರಿಗೂ ಇದೆ, ನಾನೂ ಅದಕ್ಕೆ ಹೊರತಲ್ಲ. ಆದರೆ ಊರಿನ ಅತ್ಯಂತ ಪ್ರಸಿದ್ಧವಾದ ತೋಪೇ ಆದಿಲ್‌ಶಾಹಿಗಳು ಮಾಡಿಸಿದ್ದಲ್ಲ.

ನಾವು ಆಡುಮಾತಿನಲ್ಲಿ 'ಮುಲಕ ಮೈದಾನ' ಎನ್ನುವ ಮಲಿಕ್-ಎ-ಮೈದಾನ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ, ಅಲ್ಲಿನ ಸುಲ್ತಾನ ಬುರ್ಹಾನ್ ನಿಜಾಮ್ ಶಾಹನಿಗಾಗಿ. ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಹೆಸರಿನ ಕೊನೆಯ 'ರೂಮಿ' ಎಂಬುದು ಆತ ತುರ್ಕಿಯ ಕಡೆಯವನು ಎಂಬುದನ್ನು ಸೂಚಿಸುತ್ತದೆ. ಆ ಹೆಸರು ತೋಪಿನ ಮೈಮೇಲೆಯೇ ಇದೆ. ಅದು ಆದಿಲ್‌ಶಾಹಿಗಳ ಕೈಸೇರಿ, ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಆದಿಲ್‌ಶಾಹಿ ಸರದಾರ ಮುರಾರಿ ಪಂಡಿತನ ಮುಂದಾಳುತನದಲ್ಲಿ. ಹತ್ತು ಆನೆ, ನಾನೂರು ಎತ್ತು ಮತ್ತು ನೂರಾರು ಆಳುಗಳು ಅದನ್ನು ಎಳೆದು ತಂದವೆಂದು ಹೇಳುವ ವಾಡಿಕೆಯಿದೆ. ಸಂಖ್ಯೆಗೆ ನಾನು ಜಾಮೀನು ನಿಲ್ಲಲಾರೆ, ಆದರೆ ಸುಮಾರು 55 ಟನ್ನಿನ ಲೋಹವನ್ನು ಎರೆಮಣ್ಣಿನ ದಾರಿಯಲ್ಲಿ ಎಳೆದವರು ಬೇಸಿಗೆಯನ್ನೇ ಆರಿಸಿಕೊಂಡಿರಬೇಕು ಎಂದು ಮಾತ್ರ ನಮ್ಮ ಸೀಮೆಯ ಯಾವ ಒಕ್ಕಲಿಗನಾದರೂ ಹೇಳಬಲ್ಲ. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದ ಮೇಲೆ ಅದೇ ತೋಪಿನ ಮೇಲೆ ತನ್ನ ವಿಜಯದ ಬರಹವನ್ನೂ ಕೆತ್ತಿಸಿದ. ಹೀಗೆ ಒಂದೇ ತೋಪಿನ ಮೈಮೇಲೆ ನಿಜಾಮ್‌ಶಾಹಿ ದೊರೆಯ ಹೆಸರಿದೆ, ಕುಶಲಕರ್ಮಿಯ ಹೆಸರಿದೆ, ಮೊಗಲ್ ಬಾದಶಹನ ಹೆಸರಿದೆ. ಅದನ್ನು ಬುರುಜಿನ ಮೇಲೆ ಕೂಡಿಸಿ ಐವತ್ತು ವರ್ಷಕ್ಕೂ ಮಿಕ್ಕಿ ಕಾಪಾಡಿದ ಆದಿಲ್‌ಶಾಹಿಗಳ ಬರಹವೇ ಇಲ್ಲದಿರುವುದು ನನಗೆ ಯಾವಾಗಲೂ ಸೋಜಿಗವೆನಿಸುತ್ತದೆ.

1565ರ ಜನವರಿ 23ರ ವಿಜಯನಗರ ಸೋತ ರಕ್ಕಸಗಿ-ತಂಗಡಗಿ (ತಾಳಿಕೋಟೆ) ಯುದ್ಧದಲ್ಲಿ ಇದೇ ತೋಪಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರೆಂಬ ಮಾತು ಪ್ರವಾಸಿಗರಿಗೆ ತಪ್ಪದೆ ಹೇಳುವ ಕಥೆ. ನಿಜಾಮ್‌ಶಾಹಿಗಳ ತೋಪುಗಳಿಗೆ ನಾಣ್ಯ ತುಂಬಿದ ಪ್ರಸಂಗವನ್ನು ಹಳೆಯ ಚರಿತ್ರೆಕಾರರು ಹೇಳುತ್ತಾರೆ, ಅದು ಬೇರೆ. ಆದರೆ ಈ ದೈತ್ಯವನ್ನೇ ಕೃಷ್ಣಾ ನದಿ ದಾಟಿಸಿ ರಣಾಂಗಣದಲ್ಲಿ ಹೂಡಿದರೆಂದು ನಂಬಲು ನಾನು ಸಿದ್ಧನಿಲ್ಲ. ಕೋಟೆ ಮುರಿಯುವ ತೋಪನ್ನು ಬಯಲಿನಲ್ಲಿ ಓಡಾಡುವ ಸೈನ್ಯದ ಮೇಲೆ ತಿರುಗಿಸುವುದು ಒನಕೆಯಿಂದ ಸೊಳ್ಳೆ ಹೊಡೆದ ಹಾಗೆ.

ನಿಮ್ಮ ತೋಪುಗಳ ವಿಷಯಕ್ಕೆ ಬರುತ್ತೇನೆ. ಒಂದು ರವಿವಾರ ಯುವಕರನ್ನು ಕರೆದುಕೊಂಡು ಮೊದಲು ಉಪ್ಪಲಿ ಬುರುಜು ಏರಿ. 1584ರ ಸುಮಾರಿಗೆ ಹೈದರ್ ಖಾನನು ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಆ ಬುರುಜಿನ ನೆತ್ತಿಯಲ್ಲಿ ಎರಡು ಕಬ್ಬಿಣದ ತೋಪುಗಳಿವೆ. ದೊಡ್ಡದು 30 ಅಡಿಗೂ ಉದ್ದವಿದ್ದು ಅದರ ಬಾಯಿ ಸುಮಾರು 12 ಅಂಗುಲ, ಚಿಕ್ಕದು ಸುಮಾರು 20 ಅಡಿ. ಅಲ್ಲಿಂದ ಇಳಿದು ದಕ್ಷಿಣದ ಕೋಟೆಗೋಡೆಯ ಮೇಲಿರುವ ಲಂಡಾ ಕಸಾಬ್ ತೋಪನ್ನೂ ನೋಡಿ. ಈ ಮೂರೂ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ ಮಾಡಿದವು. ಬಾಯಿಯ ಅಂಚಿನಲ್ಲಿ ಮತ್ತು ಸವೆದ ಕಡೆಗಳಲ್ಲಿ ಆ ಬಳೆಗಳ ಸಾಲು ಬರಿಗಣ್ಣಿಗೆ ಕಾಣಿಸುತ್ತದೆ. ಆಮೇಲೆ ಉದ್ಯಾನಕ್ಕೆ ಮರಳಿ ನಿಮ್ಮ ಎರಡನ್ನೂ ನೋಡಿ. ಬಳೆ ಕಂಡರೆ ಅದು ದಖನಿನ ಕಮ್ಮಾರರ ಕೈಕೆಲಸವಿರಬಹುದು. ಮೈ ಒಂದೇ ಸಮ ನುಣುಪಾಗಿದ್ದು, ಪಕ್ಕಗಳಲ್ಲಿ ಎರಡು ಗಟ್ಟಿ ತೋಳುಗಳು ಚಾಚಿದ್ದು, ಹಿಂಬದಿಗೆ ಗುಂಡಗಿನ ಗುಬ್ಬಿ, ಎಂದರೆ ಲೋಹದ ಉಬ್ಬು, ಇದ್ದು, ಕಿರೀಟದ ಗುರುತೋ ಅಡ್ಡಗೆರೆ ಹಾಕಿ ಬರೆದ ಮೂರು ಅಂಕಿಗಳೋ ಕಂಡರೆ ಅದು ಇಂಗ್ಲಿಷರದು. ಆ ಮೂರು ಅಂಕಿಗಳು ತೂಕ: ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೆಯ್ಟ್, ಎರಡನೆಯದು ಅದರ ಕಾಲುಭಾಗ, ಎಂದರೆ 28 ಪೌಂಡು, ಮೂರನೆಯದು ಬಿಡಿ ಪೌಂಡು. ತಂತಿ ಬ್ರಷ್ಷಿಗೆ ಮೊದಲು ಬಲಿಯಾಗುವುದು ಇಂತಹ ಅಂಕಿಗಳೇ ಎಂಬುದನ್ನು ಯುವಕರಿಗೆ ತಿಳಿಸಿರಿ.

ಉತ್ತರ 2: ಎರಕದ ಕೆಲಸದವನು, ಉದ್ಯಮಬಾಗ, ಬೆಳಗಾವಿ

ಉಪನ್ಯಾಸಕರ ಉತ್ತರವನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಇತಿಹಾಸ ಓದಿದವನಲ್ಲ. ಮೂವತ್ತು ವರ್ಷಗಳಿಂದ ಬೆಳಗಾವಿಯ ಫೌಂಡ್ರಿಗಳಲ್ಲಿ ಅಚ್ಚು ಕಟ್ಟಿ ಲೋಹ ಹೊಯ್ಯುವುದೇ ನನ್ನ ಕೆಲಸ. ಮೊದಲ ಸಲ ಮಲಿಕ್-ಎ-ಮೈದಾನವನ್ನು ನೋಡಿದಾಗ ಜೊತೆಗಿದ್ದವರು ಅದರ ಬಾಯಿಯಲ್ಲಿರುವ ಸಿಂಹವನ್ನೂ ಅದರ ಹಲ್ಲಿಗೆ ಸಿಕ್ಕ ಆನೆಯನ್ನೂ ನೋಡುತ್ತಿದ್ದರು. ನಾನು ಜೋಡಣೆಯ ಗೆರೆಯನ್ನು ಹುಡುಕುತ್ತಿದ್ದೆ. ಹೊಯ್ಯುವಾಗ ಲೋಹದ ಧಾರೆ ನಡುವೆ ಕಡಿದರೆ ಮೊದಲು ಬಿದ್ದದ್ದು ತಣ್ಣಗಾಗಿ, ಆಮೇಲೆ ಬಿದ್ದದ್ದು ಅದಕ್ಕೆ ಕೂಡಿಕೊಳ್ಳುವುದಿಲ್ಲ. ನಮ್ಮಲ್ಲಿ ಅದಕ್ಕೆ ಕೋಲ್ಡ್ ಶಟ್ ಎನ್ನುತ್ತೇವೆ. ಅಂತಹ ಗೆರೆ ಬಿದ್ದ ತೋಪು ಮೊದಲ ಹೊಡೆತಕ್ಕೇ ತನ್ನನ್ನು ಹಾರಿಸುವ ಗೋಲಂದಾಜನನ್ನೇ ಕೊಲ್ಲುತ್ತದೆ.

55 ಟನ್ ಎಂಬುದು ಉತ್ಪ್ರೇಕ್ಷೆಯೇನೋ ಎಂದು ಅನುಮಾನಿಸಿ ಒಮ್ಮೆ ಲೆಕ್ಕ ಹಾಕಿದೆ. ಉದ್ದ 4.45 ಮೀಟರ್, ಹೊರಗಿನ ಅಗಲ ಸುಮಾರು 1.5 ಮೀಟರ್, ಬಾಯಿಯ ಒಳ ಅಗಲ ಸುಮಾರು 0.7 ಮೀಟರ್. ಗಟ್ಟಿ ಉರುಳೆಯಾಗಿದ್ದರೆ 7.86 ಘನ ಮೀಟರ್ ಆಗುತ್ತಿತ್ತು. ಒಳಗಿನ ಪೊಳ್ಳು ತುದಿಯಿಂದ ತುದಿಯವರೆಗೆ ಒಂದೇ ಅಗಲವೆಂದು ಹಿಡಿದು 1.71 ಕಳೆದರೂ 6.15 ಉಳಿಯುತ್ತದೆ. ಕಂಚಿನ ಒಂದು ಘನ ಮೀಟರಿಗೆ 8.8 ಟನ್ ಹಿಡಿದರೆ 54 ಟನ್. ಹಿಂಭಾಗ ಮುಚ್ಚಿರುವುದರಿಂದ ಇನ್ನಷ್ಟು ಸೇರಿ 55ಕ್ಕೆ ಬಂದು ನಿಲ್ಲುತ್ತದೆ. ಹಳಬರು ಸುಳ್ಳು ಹೇಳಿಲ್ಲ.

ಈ ತೂಕದ ಒಂದೇ ಎರಕಕ್ಕೆ ಇಂದಿಗೂ ದೊಡ್ಡ ಸಿದ್ಧತೆ ಬೇಕು. ಆಗ ಒಂದು ಕುಲುಮೆಯಲ್ಲಿ ಇಷ್ಟು ಲೋಹ ಕರಗಿಸುವುದು ಸಾಧ್ಯವಿರಲಿಲ್ಲ. ಅಚ್ಚನ್ನು ನೆಲದಲ್ಲಿ ಹೂತು, ಸುತ್ತಲೂ ಹಲವಾರು ಒಲೆಗಳನ್ನು ಹಚ್ಚಿ, ಎಲ್ಲದರಲ್ಲಿಯೂ ಲೋಹ ಒಂದೇ ಹದಕ್ಕೆ ಬಂದ ಗಳಿಗೆಯಲ್ಲಿ ಕಾಲುವೆಗಳ ಬಾಯಿ ಒಡೆದು ಒಮ್ಮೆಲೇ ಹರಿಸಿರಬೇಕು. ಉಷ್ಣಮಾಪಕವಿಲ್ಲದೆ, ಬರಿಯ ಜ್ವಾಲೆಯ ಬಣ್ಣ ನೋಡಿ ಹದ ಹೇಳಿದ ಆ ರೂಮಿಗೆ ನಾನು ಕೈಮುಗಿಯುತ್ತೇನೆ. ಅದರ ಲೋಹದಲ್ಲಿ ಸುಮಾರು ನೂರಕ್ಕೆ 80 ತಾಮ್ರ, 20 ತವರ. ಇದು ಗಂಟೆಯ ಲೋಹ. ತಟ್ಟಿದರೆ ಗಂಟೆಯಂತೆ ನಾದ ಬರುವುದು ಇದರಿಂದಲೇ. ಸಾಧಾರಣವಾಗಿ ತೋಪಿಗೆ ತವರ ಹತ್ತರಷ್ಟೇ ಸಾಕು. ಹೆಚ್ಚಿದರೆ ಲೋಹ ಗಡಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ, ಎಂದರೆ ಪೆಟ್ಟಿಗೆ ಬಿರಿಯುತ್ತದೆ. ಆ ಪೆಡಸುತನವನ್ನು ಅವರು ಗೋಡೆಯ ದಪ್ಪದಿಂದ ಸರಿದೂಗಿಸಿದ್ದಾರೆಂದು ನನ್ನ ಎಣಿಕೆ: ಬಾಯಿಯ ಸುತ್ತ ಎಲ್ಲ ಕಡೆ 40 ಸೆಂಟಿಮೀಟರ್ ಗಟ್ಟಿ ಲೋಹವಿದೆ.

ಹಾಗಾದರೆ ಉಪ್ಪಲಿ ಬುರುಜಿನ ತೋಪುಗಳನ್ನು ಯಾಕೆ ಹೊಯ್ಯಲಿಲ್ಲ ಎಂದು ಯುವಕರು ಕೇಳಬಹುದು. ಗಂಟೆಯ ಲೋಹ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರಾಗುತ್ತದೆ. ಬಡಿಗಬ್ಬಿಣ ನೀರಾಗಲು 1500 ದಾಟಬೇಕು. ಆಗಿನ ನಮ್ಮ ಕುಲುಮೆಗಳು ಅದನ್ನು ಕೆಂಡದಂತೆ ಕಾಯಿಸಿ ಮೆತ್ತಗೆ ಮಾಡುತ್ತಿದ್ದವು, ಕರಗಿಸುತ್ತಿರಲಿಲ್ಲ. ಆದ್ದರಿಂದ ಕಬ್ಬಿಣದ ತೋಪು ಎರಕದವನ ಕೆಲಸವಲ್ಲ, ಕಮ್ಮಾರನ ಕೆಲಸ. ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಕಾದು ಹಿಗ್ಗಿದ ಬಳೆಗಳನ್ನು ಒಂದೊಂದಾಗಿ ಏರಿಸಿ ಬಡಿಯುತ್ತಾರೆ. ತಣ್ಣಗಾದಾಗ ಬಳೆ ಕುಗ್ಗಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಮೇಲಾಗಿ ತಾಮ್ರ, ತವರ ಎರಡೂ ದುಬಾರಿ. ಒಂದು ಕೋಟೆಯ ಬುರುಜುಗಳಿಗೆಲ್ಲ ಕಂಚಿನ ತೋಪು ಕೂಡಿಸಿದರೆ ಯಾವ ಬೊಕ್ಕಸವೂ ಉಳಿಯಲಿಕ್ಕಿಲ್ಲ.

ಗುಂಡಿನ ತೂಕವನ್ನೂ ಹೇಳಿ ಮುಗಿಸುತ್ತೇನೆ. ಮಲಿಕ್-ಎ-ಮೈದಾನದ ಬಾಯಿಗೆ ಸರಿಹೊಂದುವ ಗುಂಡನ್ನು ಕಬ್ಬಿಣದಲ್ಲಿ ಮಾಡಿದರೆ ಒಂದು ಟನ್ನಿಗೂ ಹೆಚ್ಚಾಗುತ್ತದೆ. ಅದೇ ಗಾತ್ರವನ್ನು ನಮ್ಮ ಕರಿಕಲ್ಲಿನಲ್ಲಿ ಕಡೆದರೆ ಸುಮಾರು 475 ಕಿಲೋ. ಉಪ್ಪಲಿ ಬುರುಜಿನ ಉದ್ದ ತೋಪಿನ ಕಲ್ಲುಗುಂಡು 40 ಕಿಲೋದೊಳಗೇ ಇರುತ್ತದೆ. ಉಪ್ಪಲಿ ಬುರುಜಿನದರ ಉದ್ದ ಬಾಯಿಯ ಅಗಲದ ಮೂವತ್ತು ಪಟ್ಟು, ಮಲಿಕ್-ಎ-ಮೈದಾನದ ಉದ್ದ ಆರು ಪಟ್ಟು. ಒಂದನ್ನು ದೂರಕ್ಕೆಂದು ಮಾಡಿದ್ದಾರೆ, ಇನ್ನೊಂದನ್ನು ಪೆಟ್ಟಿಗೆಂದು ಮಾಡಿದ್ದಾರೆ.

ಉತ್ತರ 3: ಪ್ರಾಥಮಿಕ ಶಾಲೆಯ ಶಿಕ್ಷಕಿ, ಬಾಗಲಕೋಟೆ

ನಾನು ಪ್ರಶ್ನೆಯ ಕೊನೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ತೋಪುಗಳನ್ನು ಸಂಗ್ರಹಾಲಯಕ್ಕೆ ಕೊಡಬೇಡಿ. ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆಂದು ವಿಜಯಪುರಕ್ಕೆ ಕರೆತರುತ್ತೇನೆ. ಗಾಜಿನ ಪೆಟ್ಟಿಗೆಯೊಳಗಿನ ಖಡ್ಗದ ಮುಂದೆ ಅವರು ಅರ್ಧ ನಿಮಿಷ ನಿಲ್ಲುತ್ತಾರೆ. ತೋಪಿನ ಹತ್ತಿರ ಬಿಟ್ಟರೆ ಒಂದು ತಾಸಾದರೂ ಕದಲುವುದಿಲ್ಲ. ಒಳಗೆ ಕೈ ಹಾಕಿ ಎಷ್ಟು ಆಳವೆಂದು ನೋಡುತ್ತಾರೆ, ಕೂಗಿ ದನಿ ಕೇಳುತ್ತಾರೆ, ಇಷ್ಟು ಭಾರವಾದದ್ದನ್ನು ಮೇಲಕ್ಕೆ ಹೇಗೆ ಒಯ್ದರು ಎಂದು ತಾವಾಗಿಯೇ ಕೇಳುತ್ತಾರೆ. ಮುಟ್ಟಿ ಕಲಿತದ್ದು ಮರೆಯುವುದಿಲ್ಲ. ಓಣಿಯ ಮಕ್ಕಳಿಗೆ ಟಿಕೆಟ್ ಇಲ್ಲದೆ ಸಿಗುವ ಇತಿಹಾಸ ಅದೊಂದೇ ಇರಬಹುದು. ತುಕ್ಕು ತಡೆಯುವ ಉಪಾಯ ಮಾಡಿ, ಆದರೆ ಇದ್ದಲ್ಲಿಯೇ ಇರಲಿ.

ಉತ್ತರ 4: ಲೋಹವಸ್ತುಗಳ ಸಂರಕ್ಷಣೆಯಲ್ಲಿ ತರಬೇತಾದವನು

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಶಿಕ್ಷಕಿಯವರ ಮಾತು ಹೃದ್ಯವಾಗಿದೆ, ಆದರೆ ಯಾರೂ, ಮುಖ್ಯವಾಗಿ ಮಕ್ಕಳು, ತೋಪಿನ ಬಾಯೊಳಗೆ ಕೈ ಹಾಕುವ ಮೊದಲು ಅದು ಖಾಲಿಯಿದೆಯೇ ಎಂದು ತಿಳಿಯಬೇಕು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಸೇರಿದ ಕರಿಮದ್ದು ಎಷ್ಟು ವರ್ಷವಾದರೂ ಒಣಗಿದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮದ್ದು ತುಂಬಿದ ಸ್ಥಿತಿಯಲ್ಲಿಯೇ ಕೈಬಿಟ್ಟ ತೋಪುಗಳು ಬೇರೆ ದೇಶಗಳಲ್ಲಿ ಪ್ರದರ್ಶನದ ಕಟ್ಟೆಯ ಮೇಲೆ ದಶಕಗಟ್ಟಲೆ ಕುಳಿತಿದ್ದ ಉದಾಹರಣೆಗಳಿವೆ.

ಪರೀಕ್ಷೆ ಸರಳವಾಗಿದೆ. ಒಂದು ಉದ್ದನೆಯ ಮರದ ಕೋಲನ್ನು ಬಾಯಿಯೊಳಗೆ ನಿಧಾನವಾಗಿ, ಒತ್ತದೆ, ತಳ ತಾಗುವವರೆಗೆ ಬಿಡಿ. ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಮೇಲೆ ಗುರುತು ಹಾಕಿ ಹೊರತೆಗೆದು ಅಳೆಯಿರಿ. ಬಳಿಕ ಅದೇ ಅಂಚಿನಿಂದ, ಹಿಂಭಾಗದಲ್ಲಿ ಬತ್ತಿ ಇಡುವ ಸಣ್ಣ ತೂತಿನವರೆಗೆ ಹೊರಮೈಯ ಮೇಲೆ ಅಳೆಯಿರಿ. ಬತ್ತಿಯ ತೂತು ಮದ್ದಿನ ಜಾಗದ ತಳಕ್ಕೆ ಹತ್ತಿರವಾಗಿ ಇರುವುದರಿಂದ ಎರಡು ಅಳತೆಗಳೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಳಗಿನ ಅಳತೆ ಬಹಳ ಕಡಿಮೆ ಬಂದರೆ ಒಳಗೆ ಏನೋ ಇದೆ. ಅದು ಮಣ್ಣಿರಬಹುದು, ಕಸವಿರಬಹುದು, ಗುಂಡೂ ಇರಬಹುದು. ಆಗ ಕೆದಕಬಾರದು, ಕೊರೆಯಬಾರದು, ಕಬ್ಬಿಣದ ಸಲಾಕೆ ಹಾಕಬಾರದು, ನೀವೇ ನೀರು ಸುರಿಯಲೂ ಹೋಗಬಾರದು. ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ಅವರಲ್ಲಿ ಸ್ಫೋಟಕಗಳನ್ನು ಪರಿಶೀಲಿಸುವ ತಂಡವಿರುತ್ತದೆ.

ಈಗ ಬಣ್ಣದ ವಿಷಯ. ತುಕ್ಕಿನ ಮೇಲೆ ಎನಾಮಲ್ ಬಳಿಯುವುದು ಹುಣ್ಣಿನ ಮೇಲೆ ಬಟ್ಟೆ ಹೊಲಿದಂತೆ. ಹಳೆಯ ಕಬ್ಬಿಣದ ರಂಧ್ರಗಳಲ್ಲಿ ಉಪ್ಪಿನಂಶ ಸೇರಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಂಡು ಬಣ್ಣದ ಪೊರೆಯ ಕೆಳಗೇ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ನಿಮ್ಮ ಮೊದಲ ತೋಪಿನ ಬೆಳ್ಳಿ ಬಣ್ಣ ಹಪ್ಪಳದಂತೆ ಎದ್ದಿರುವುದಕ್ಕೆ ಕಾರಣ ಇದೇ. ಈ ಉಪ್ಪು ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ವಿಜಯಪುರದ ಬಹಳಷ್ಟು ಕೊಳವೆಬಾವಿಗಳಲ್ಲಿ ಸವಳು ನೀರಿದೆ, ಉದ್ಯಾನದ ಹುಲ್ಲಿಗೆ ಅದನ್ನೇ ಚಿಮುಕಿಸುತ್ತಾರೆ. ನಿಮ್ಮ ಊರಿನಲ್ಲಿ ಮಳೆ ಕಡಿಮೆ, ಹವೆ ಒಣ. ಕರಾವಳಿಗೆ ಹೋಲಿಸಿದರೆ ಕಬ್ಬಿಣಕ್ಕೆ ಇದು ಸ್ವರ್ಗ. ಅಂತಹ ಊರಿನಲ್ಲಿಯೂ ತೋಪು ಅಂಗೈಗೆ ಕೆಂಪು ಬಿಡುತ್ತಿದೆ ಎಂದರೆ ನಾನು ಮೊದಲು ನೋಡುವುದು ನೀರಿನ ಪೈಪು ಎತ್ತ ತಿರುಗಿದೆ ಎಂಬುದನ್ನು. ಎರಡನೆಯದಾಗಿ ನೋಡುವುದು ಸಿಮೆಂಟಿನ ಕಟ್ಟೆಯನ್ನು. ಅರ್ಧ ಹುಗಿದ ತೋಪಿನ ಸುತ್ತ ನೀರು ನಿಂತು, ಕಾಣದ ಅರ್ಧಭಾಗ ಕಾಣುವ ಅರ್ಧಕ್ಕಿಂತ ಬೇಗ ಕೊಳೆಯುತ್ತದೆ.

ಸರಿಯಾದ ಕ್ರಮದಲ್ಲಿ ತೋಪನ್ನು ಸಿಮೆಂಟಿನಿಂದ ಬಿಡಿಸಿ, ಎರಡು ಕಲ್ಲಿನ ದಿಂಡುಗಳ ಮೇಲೆ, ನಡುವೆ ತೇಗದ ಹಲಗೆ ಕೊಟ್ಟು, ನೆಲದಿಂದ ಒಂದು ಗೇಣಾದರೂ ಮೇಲಕ್ಕೆ ಕೂಡಿಸುತ್ತಾರೆ. ಬಾಯಿಯನ್ನು ತುಸು ಕೆಳಮುಖವಾಗಿ ಇರಿಸಿದರೆ ಒಳಗೆ ಸೇರಿದ ನೀರು ತಾನಾಗಿ ಹರಿದುಹೋಗುತ್ತದೆ. ಆಕಾಶ ನೋಡುವ ತೋಪು ಚಿತ್ರದಲ್ಲಿ ಚೆಂದ, ಮಳೆಗಾಲದಲ್ಲಿ ಅದು ಕೊಡ. ಬತ್ತಿಯ ತೂತನ್ನು ಮೇಣದಿಂದ ಮುಚ್ಚುತ್ತಾರೆ. ಸಡಿಲ ತುಕ್ಕನ್ನು ಮೃದುವಾದ ಬ್ರಷ್ಷಿನಿಂದ ತೆಗೆದು, ಉಪ್ಪಿನಂಶ ತೊಳೆದು, ಒಣಗಿಸಿ, ಟ್ಯಾನಿಕ್ ಆಮ್ಲದ ತೆಳು ದ್ರಾವಣ ಹಚ್ಚುತ್ತಾರೆ. ಅದು ತುಕ್ಕಿನೊಡನೆ ಕೂಡಿ ಕಪ್ಪನೆಯ ಗಟ್ಟಿ ಪದರವಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಕೊನೆಗೆ ಮೇಣದ ಲೇಪ ಕೊಟ್ಟು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮತ್ತೆ ಕೊಡಬೇಕು. ಇದನ್ನು ವಿವರಿಸಿದ್ದು ನೀವೇ ಮಾಡಲೆಂದಲ್ಲ, ಮಾಡಿಸುವಾಗ ಏನು ಕೇಳಬೇಕೆಂದು ತಿಳಿದಿರಲೆಂದು. ಅಂದಹಾಗೆ, ಯಾರಾದರೂ ಕಂಚಿನ ತೋಪಿಗೆ ಹುಣಸೆಹಣ್ಣು ತಿಕ್ಕೋಣವೆಂದರೆ ಅವರ ಕೈಯನ್ನು ಅಲ್ಲಿಯೇ ಹಿಡಿಯಿರಿ. ಹಬ್ಬದ ತಂಬಿಗೆಗೆ ಹೊಂದುವ ಉಪಚಾರ ನಾಲ್ಕು ನೂರು ವರ್ಷದ ಲೋಹಕ್ಕೆ ಹೊಂದುವುದಿಲ್ಲ.

ಕಾನೂನನ್ನೂ ಗಮನಿಸಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಇಂತಹ ವಸ್ತು ಪುರಾವಸ್ತುವಾಗುತ್ತದೆ. ಉದ್ಯಾನ ಯಾರ ಸುಪರ್ದಿಯಲ್ಲಿದೆಯೋ ಅವರಿಗೂ, ರಾಜ್ಯದ ಪುರಾತತ್ವ ಇಲಾಖೆಗೂ ಒಂದೇ ಪತ್ರದ ಎರಡು ಪ್ರತಿಗಳನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯ ಕಚೇರಿಗೂ ಒಂದು ಪ್ರತಿ ಹೋದರೆ ಒಳ್ಳೆಯದು. ಪತ್ರದೊಡನೆ ನಾಲ್ಕೂ ಕಡೆಯಿಂದ ತೆಗೆದ ಚಿತ್ರಗಳು ಮತ್ತು ಅಳತೆಗಳಿರಲಿ. ಯುವಕರ ಉತ್ಸಾಹಕ್ಕೆ ಈ ದಾಖಲೆಯ ಕೆಲಸವೇ ಸಾಕಷ್ಟಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ಬಳಿಕ

ಉತ್ತರಿಸಿದ ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಯುವಕರಿಗೆ ಓದಿ ಹೇಳಿದೆ. ಮೊದಲು ಮುಖ ಸಣ್ಣದು ಮಾಡಿಕೊಂಡರು. ಉಪ್ಪಲಿ ಬುರುಜಿಗೆ ಹೋಗಿಬಂದ ಮೇಲೆ ಅವರೇ ನನ್ನನ್ನು ಅವಸರಪಡಿಸತೊಡಗಿದರು. ಆ ಮೂವತ್ತು ಅಡಿಯ ತೋಪಿನ ಪಕ್ಕದಲ್ಲಿ ಒಬ್ಬೊಬ್ಬರಾಗಿ ಉದ್ದಕ್ಕೆ ಮಲಗಿ, ಎಷ್ಟು ಆಳಿನ ಉದ್ದವಿದೆ ಎಂದು ಅಳೆದರು. ಐದು ಆಳು ಮತ್ತು ಒಂದಿಷ್ಟು.

ಅಳತೆಗಳು ಹೀಗಿವೆ. ಬಲಗಡೆಯ, ಬೆಳ್ಳಿ ಬಣ್ಣದ ತೋಪಿನ ಉದ್ದ 183 ಸೆಂಟಿಮೀಟರ್, ಬಾಯಿಯ ಒಳ ಅಗಲ 9.3. ಮೈ ನುಣುಪಾಗಿದೆ, ಪಕ್ಕದ ತೋಳುಗಳಿವೆ, ಹಿಂದೆ ಗುಬ್ಬಿಯಿದೆ. ಎದ್ದ ಬಣ್ಣದ ಒಂದು ಪದರ ತಾನಾಗಿ ಉದುರಿದ ಜಾಗದಲ್ಲಿ 17-1-8 ಎಂಬ ಅಂಕಿಗಳು ಕಂಡವು. ಅದನ್ನು ಕಂಡ ಹುಡುಗ ಊರಿಗೆಲ್ಲ ಕೇಳುವಂತೆ ಕೂಗಿದ. ಒಳ ಅಳತೆ, ಹೊರ ಅಳತೆ ಎರಡೂ ಹೊಂದಿದವು, ಒಳಗೆ ಕಾಗದದ ಚೂರುಗಳ ಹೊರತು ಏನಿಲ್ಲ.

ಎಡಗಡೆಯ, ತುಕ್ಕು ಹಿಡಿದ ತೋಪಿನ ಮೇಲೆ ಹನ್ನೊಂದು ಬಳೆಗಳನ್ನು ಎಣಿಸಿದೆವು. ಹನ್ನೆರಡನೆಯದು ಸಿಮೆಂಟಿನೊಳಗೆ ಇರಬಹುದು. ಅದರ ಬಾಯಿಯಿಂದ ಬತ್ತಿಯ ತೂತಿನವರೆಗೆ ಹೊರಗೆ 186 ಸೆಂಟಿಮೀಟರ್, ಒಳಗೆ 149. ಕೋಲು ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ನಾವು ಅಲ್ಲಿಗೇ ಕೈಬಿಟ್ಟು ಹಿಂದೆ ಸರಿದೆವು.

ಉತ್ತರ 5: ನಿವೃತ್ತ ಇತಿಹಾಸ ಉಪನ್ಯಾಸಕ, ವಿಜಯಪುರ

17 ಸಲ 112, ಅದಕ್ಕೆ 28, ಅದಕ್ಕೆ 8: ಒಟ್ಟು 1940 ಪೌಂಡು, ಎಂದರೆ ಸುಮಾರು 880 ಕಿಲೋ. ಬಾಯಿಯ ಅಗಲ ನೋಡಿದರೆ ಆರು ಪೌಂಡಿನ ಗುಂಡು ಹಾರಿಸುವ ಇಂಗ್ಲಿಷ್ ತೋಪು. ವಿಜಯಪುರಕ್ಕೆ ಜಿಲ್ಲಾ ಕೇಂದ್ರ ಬಂದದ್ದು 1885ರಲ್ಲಿ. ಅದಕ್ಕೂ ಮುಂಚೆ ಕೇಂದ್ರವೂ ದಂಡೂ ಕಲಾದಗಿಯಲ್ಲಿದ್ದವು. ನಿಮ್ಮ ತೋಪು ಆ ದಾರಿಯಲ್ಲಿ ಬಂದಿರಬಹುದು ಎಂಬುದು ನನ್ನ ಊಹೆ, ಫಲಕಕ್ಕೆ ಬೇಡ. ಎಡಗಡೆಯದು ನಮ್ಮ ಕಮ್ಮಾರರದೇ. ಅದಕ್ಕೂ ವರ್ಷ ಬರೆಯಬೇಡಿ, 'ಬಳೆ ಬಿಗಿದ ಕಬ್ಬಿಣದ ತೋಪು, ದಖನಿನ ಪದ್ಧತಿ' ಎಂದಷ್ಟೇ ಸಾಕು.

ಇಡುವ ಜಾಗದ ವಿಷಯದಲ್ಲಿ ಶಿಕ್ಷಕಿಯವರ ಮಾತಿಗೆ ನನ್ನ ಅರ್ಧ ಒಪ್ಪಿಗೆಯಿದೆ. ಇಂಗ್ಲಿಷ್ ತೋಪು ಉದ್ಯಾನದಲ್ಲಿಯೇ ಇರಲಿ, ಮಕ್ಕಳು ಮುಟ್ಟಲಿ. ಬಳೆಯ ತೋಪನ್ನು ಪರಿಶೀಲನೆಯಾದ ಮೇಲೆ ಸಂಗ್ರಹಾಲಯದವರು ಕೇಳಿದರೆ ತಡೆಯಬೇಡಿ. 1854ರಲ್ಲಿ ಮಲಿಕ್-ಎ-ಮೈದಾನವನ್ನೇ ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗು ನಿಂತಿತ್ತು, ಆಮೇಲೆ ಮಾರಾಟ ರದ್ದಾಯಿತು. ಬಾಯಿಯಲ್ಲಿ ಸಿಂಹವಿದ್ದ ತೋಪಿಗೇ ಆ ಗತಿ ಬರುವುದಿತ್ತು. ಹೆಸರಿಲ್ಲದ ಸಣ್ಣ ತೋಪುಗಳು ಎಷ್ಟು ಗುಜರಿಗೆ ಹೋಗಿರಬಹುದೆಂದು ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಮೂರೂ ಕಡೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ, ಪೊಲೀಸ್ ಠಾಣೆಗೂ ತಿಳಿಸಿದ್ದೇವೆ. ಪರಿಶೀಲನೆಗೆ ಬರುವವರೆಗೆ ಎಡಗಡೆಯ ತೋಪಿನ ಸುತ್ತ ಹಗ್ಗ ಕಟ್ಟಿ, ಸರದಿಯ ಮೇಲೆ ಒಬ್ಬ ಹುಡುಗ ಸಂಜೆ ಅಲ್ಲಿ ಕೂಡುತ್ತಿದ್ದಾನೆ. ಬಣ್ಣದ ಅಂಗಡಿಯವರು ಒಡೆಯದ ಡಬ್ಬಿಗಳನ್ನು ಮರಳಿ ತೆಗೆದುಕೊಂಡರು. ಆ ಹಣದಿಂದ ಉದ್ಯಾನದ ಮಾಲಿಗೆ ಇಪ್ಪತ್ತು ಅಡಿ ಹೊಸ ಪೈಪು ಕೊಡಿಸಿದ್ದೇವೆ, ನೀರು ಈಗ ತೋಪಿನ ಕಡೆಗೆ ಚಿಮ್ಮುವುದಿಲ್ಲ.